ಬೀನ್ಸ್ ಕೈಕೊಟ್ಟರೆ: ಎಣ್ಣೆ ಹೊಡೆಯುವ ಮೊದಲು ಗಿಡ ಕಿತ್ತು ನೋಡಿ

ನಮ್ಮ ಕಡೆ ಬೀನ್ಸ್ ಹಾಕಿದವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಎಲೆ ಹಳದಿ ಆಗಿದೆ, ಯಾವ ಎಣ್ಣೆ ಹೊಡೀಲಿ ಅಣ್ಣಾ?" ಎಣ್ಣೆ ಅಂದರೆ ಹುಳಕ್ಕೆ, ರೋಗಕ್ಕೆ ಸಿಂಪಡಿಸುವ ಔಷಧಿ. ಯಾಕೆ ಹಳದಿ ಆಯಿತು ಅಂತ ಯಾರೂ ಕೇಳುವುದಿಲ್ಲ. ಗೊಬ್ಬರದ ಅಂಗಡಿಗೆ ಒಂದು ಎಲೆ ಹಿಡಿದುಕೊಂಡು ಹೋಗುತ್ತಾರೆ, ಅಂಗಡಿಯವನು ಹುಳಕ್ಕೊಂದು, ರೋಗಕ್ಕೊಂದು, ಮೇಲೆ ಟಾನಿಕ್ ಒಂದು ಕೊಡುತ್ತಾನೆ, ಮೂರನ್ನೂ ಕಲಸಿ ಹೊಡೆದು ಬರುತ್ತಾರೆ. ಗಿಡ ಹಾಗೇ ಇರುತ್ತದೆ. ದುಡ್ಡು ಹೋಯಿತು ಅಷ್ಟೇ.

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಬೀನ್ಸ್ ಕೆಡುವುದಕ್ಕೆ ಹುಳ, ರೋಗಕ್ಕಿಂತ ಬಿಸಿಲು, ಬೋರ್ ನೀರಿನ ಉಪ್ಪು, ಎರೆ ಮಣ್ಣು ಮತ್ತು ಹಿಂದಿನ ಬೆಳೆಗೆ ಹೊಡೆದ ಕಳೆನಾಶಕ ಇವೇ ಜಾಸ್ತಿ ಕಾರಣ. ಇವು ಯಾವುದಕ್ಕೂ ಬಾಟಲಿಯಲ್ಲಿ ಔಷಧಿ ಇಲ್ಲ. ಬೀನ್ಸ್ ಮೂಲದಲ್ಲಿ ನಮ್ಮ ಬಯಲುಸೀಮೆಯ ಬೆಳೆ ಅಲ್ಲ. ಮೆಕ್ಸಿಕೋ ಕಡೆ ಒಮ್ಮೆ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಇನ್ನೊಮ್ಮೆ, ಹೀಗೆ ಎರಡು ಕಡೆ ಬೇರೆ ಬೇರೆಯಾಗಿ ಸಾಗುವಳಿಗೆ ಬಂದ ಬೆಳೆ. 16ರಿಂದ 24 ಡಿಗ್ರಿ ಬಿಸಿ ಇದ್ದರೆ ಅದಕ್ಕೆ ಹಿತ. ಚಳ್ಳಕೆರೆಯಲ್ಲೋ ಜಗಳೂರಲ್ಲೋ ಅದನ್ನು ಬೆಳೆಯಬಹುದು, ಚೆನ್ನಾಗಿಯೇ ಬೆಳೆಯಬಹುದು, ಆದರೆ ಅದರ ಕಾಲಕ್ಕೆ ನಾವು ಹೊಂದಿಕೊಳ್ಳಬೇಕು.

ಮೊದಲು ಹೊಲ ಸುತ್ತಿ

ಗಿಡದ ಹತ್ತಿರ ಕೂರುವ ಮೊದಲು ಹೊಲ ಪೂರ್ತಿ ಒಂದು ಸುತ್ತು ಬನ್ನಿ. ಕೆಟ್ಟ ಗಿಡಗಳು ಎಲ್ಲಿವೆ ಅನ್ನುವುದೇ ಅರ್ಧ ಉತ್ತರ. ಹೊಲದ ತುಂಬ ಒಂದೇ ಸಮ ಹಳದಿ ಇದ್ದರೆ ಅದು ಮಣ್ಣು, ನೀರು, ಗೊಬ್ಬರದ ತೊಂದರೆ. ತಗ್ಗಿನಲ್ಲಿ ಮಾತ್ರ ಇದ್ದರೆ ನೀರು ನಿಂತಿದೆ. ಪಕ್ಕದವರ ಮೆಕ್ಕೆಜೋಳದ ಬದುವಿನಿಂದ ಶುರುವಾಗಿ ಒಳಗೆ ಬರುತ್ತಾ ಕಡಿಮೆ ಆಗಿದ್ದರೆ ಅವರು ಹೊಡೆದ ಕಳೆನಾಶಕ ಗಾಳಿಗೆ ತೂರಿ ಬಂದಿದೆ. ಅಲ್ಲೊಂದು ಇಲ್ಲೊಂದು ಗಿಡ, ದಿನ ಕಳೆದಂತೆ ಜಾಸ್ತಿ ಆಗುತ್ತಿದ್ದರೆ ಆಗ ಮಾತ್ರ ರೋಗ, ಹುಳ ಅಂತ ಯೋಚಿಸಿ. ಜೀವ ಇರುವ ಶತ್ರು ಒಂದು ಕಡೆ ಶುರುವಾಗಿ ಹರಡುತ್ತದೆ, ಒಂದೇ ರಾತ್ರಿಯಲ್ಲಿ ಎಕರೆ ಪೂರ್ತಿ ಬರುವುದಿಲ್ಲ.

ಆಮೇಲೆ ಯಾವ ಎಲೆ ಅಂತ ನೋಡಿ. ಕೆಳಗಿನ ಹಳೆ ಎಲೆಯೋ, ತುದಿಯ ಹೊಸ ಎಲೆಯೋ? ಇದನ್ನು ನೋಡದೆ ಹಳದಿ ಅಂದರೆ ಯಾರೂ ಏನೂ ಹೇಳಲು ಆಗದು. ಕೊನೆಗೆ ಪೂರ್ತಿ ಕೆಟ್ಟ ಗಿಡ ಒಂದು, ಈಗಷ್ಟೇ ಕೆಡಲು ಶುರುವಾದ ಗಿಡ ಒಂದು, ಚೆನ್ನಾಗಿರುವ ಗಿಡ ಒಂದು, ಮೂರನ್ನೂ ಬೇರು ಹರಿಯದಂತೆ ಅಗೆದು ತೆಗೆಯಿರಿ. ಕೈಯಲ್ಲಿ ಎಳೆಯಬೇಡಿ, ಬೇರು ಮಣ್ಣಲ್ಲೇ ಉಳಿಯುತ್ತದೆ. ಸತ್ತ ಗಿಡ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ, ಸತ್ತ ಮೇಲೆ ಬೇರೆ ಬೂಷ್ಟೆಲ್ಲ ಬಂದು ಕೂತಿರುತ್ತದೆ.

ಬೀಜ ಏಳಲಿಲ್ಲ

ಮಣ್ಣು ಬೆಚ್ಚಗಿದ್ದು ಹದವಾಗಿದ್ದರೆ ಬೀನ್ಸ್ ಒಂದು ವಾರದೊಳಗೆ ಮೇಲೆ ಬರಬೇಕು. 10 ದಿನ ಆದರೂ ಸಾಲು ಬೋಳಾಗಿದ್ದರೆ ಕಾಯಬೇಡಿ, ಅಗೆದು ಬೀಜ ಹುಡುಕಿ.

ಬೀಜ ಮೆತ್ತಗಾಗಿ ಕೊಳೆತು ವಾಸನೆ ಬರುತ್ತಿದ್ದರೆ ನೀರು ಜಾಸ್ತಿ ಆಗಿದೆ. ಬಿತ್ತಿ ಆದ ಮೇಲೆ ಹೊಲಕ್ಕೆ ದಬದಬ ನೀರು ಬಿಡುವ ಅಭ್ಯಾಸ ನಮ್ಮಲ್ಲಿದೆ, ಭದ್ರಾ ನಾಲೆ ಕೆಳಗಿನ ಗದ್ದೆ ಕಡೆಯವರಿಗಂತೂ ನೀರು ಕೈಗೆ ಸಿಕ್ಕಾಗ ಬಿಡಲೇಬೇಕು ಅನ್ನಿಸುತ್ತದೆ. ಬೀನ್ಸ್‌ಗೆ ಅದು ಆಗದು. ಮೊದಲೇ ನೀರು ಹಾಯಿಸಿ, ಹದ ಬಂದ ಮೇಲೆ ಬಿತ್ತಬೇಕು. ಬಿತ್ತುವ ಮೊದಲು ಬೀಜವನ್ನು ರಾತ್ರಿಯೆಲ್ಲ ನೆನೆಸುವುದೂ ಬೇಡ. ಒಣಗಿದ ಬೀನ್ಸ್ ಬೀಜ ಒಮ್ಮೆಗೇ ನೀರು ಕುಡಿದರೆ ಒಳಗಿನ ಹೋಳು ಬಿರುಕು ಬಿಡುತ್ತದೆ, ಗಾಳಿ ಇಲ್ಲದೆ ಮೊಳಕೆ ಉಸಿರುಗಟ್ಟುತ್ತದೆ.

ಬೀಜ ಮೊಳೆತಿದೆ, ಆದರೆ ಕುತ್ತಿಗೆ ಮುರಿದು ಮಣ್ಣೊಳಗೇ ಬಾಗಿದೆ ಅಂದರೆ ಮೇಲೆ ಹೆಪ್ಪು ಕಟ್ಟಿದೆ. ಹೊಳಲ್ಕೆರೆ, ಹೊಸದುರ್ಗದ ಕೆಂಪು ಮಣ್ಣಲ್ಲಿ ಬಿತ್ತಿದ ಮಾರನೇ ದಿನ ಜೋರು ಮಳೆ ಬಂದು ಆಮೇಲೆ ಬಿಸಿಲು ಬಿದ್ದರೆ ಇದು ಆಗುತ್ತದೆ. ತೊಗರಿ, ಬಟಾಣಿಯ ಹೋಳು ಮಣ್ಣೊಳಗೇ ಉಳಿದು ಬರೀ ಕುಡಿ ಮೇಲೆ ಬರುತ್ತದೆ. ಬೀನ್ಸ್ ಹಾಗಲ್ಲ, ಎರಡೂ ಹೋಳನ್ನು ಹೊತ್ತುಕೊಂಡೇ ಮೇಲೆ ಏಳಬೇಕು. ಅದಕ್ಕೆ ಮೇಲಿನ ಮಣ್ಣು ಸಡಿಲ ಇರಲೇಬೇಕು. 3ರಿಂದ 4 ಸೆಂಟಿಮೀಟರ್‌ಗಿಂತ ಆಳ ಬಿತ್ತಬೇಡಿ. ಹೆಪ್ಪು ಕಟ್ಟಿದ್ದು ಕಂಡರೆ ಸಾಲಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಕುಂಟೆ ಹೊಡೆಯಲು ಹೋಗಬೇಡಿ, ಇರುವ ಮೊಳಕೆಯೂ ಹೋಗುತ್ತದೆ.

ಬೀಜ ಹಾಕಿದ ಹಾಗೇ ಕಲ್ಲಿನಂತೆ ಸಿಕ್ಕರೆ ಹದ ಸಾಲದು. ಬೀಜವೇ ಸಿಗದಿದ್ದರೆ ಇರುವೆ, ಇಲಿ, ನವಿಲು ಇವುಗಳಲ್ಲಿ ಒಂದು. ಬೀಜದ ಮೇಲೆ ಅನುಮಾನ ಇದ್ದರೆ 100 ಕಾಳನ್ನು ಒದ್ದೆ ಗೋಣಿಚೀಲದ ತುಂಡಿನಲ್ಲಿ ಸುತ್ತಿ ಇಡಿ, ಒಂದು ವಾರಕ್ಕೆ 75 ಆದರೂ ಮೊಳೆಯದಿದ್ದರೆ ಆ ಬೀಜ ಬೇಡ. ಇದನ್ನು ಬಿತ್ತುವ ಮೊದಲು ಮಾಡಿದರೆ ಎಷ್ಟೋ ನೆಮ್ಮದಿ ಅಲ್ವಾ?

ಎದ್ದ ಸಸಿ ಬಾಡುತ್ತಿದೆ

ಎರಡು ಮೂರು ವಾರದ ಸಸಿ ಮಧ್ಯಾಹ್ನ ತಲೆ ಬಗ್ಗಿಸುತ್ತದೆ, ಎಲೆ ಹಳದಿ ಆಗುತ್ತದೆ, ಆಮೇಲೆ ಸಾಯುತ್ತದೆ. ನೀರು ಕೊಟ್ಟರೂ ಸುಧಾರಿಸುವುದಿಲ್ಲ. ಇಲ್ಲಿ ಜನ ಹೆಚ್ಚಾಗಿ ಬೇರು ಕೊಳೆ ಅಂತ ತಿಳಿದು ಶಿಲೀಂಧ್ರನಾಶಕ ಸುರಿಯುತ್ತಾರೆ. ಮೊದಲು ಬುಡ ನೋಡಿ. ಬುಡ ಉಬ್ಬಿ, ಉದ್ದಕ್ಕೆ ಸೀಳಿ, ಕೆಂಪು-ಕಂದು ಆಗಿದ್ದರೆ ಉಗುರಿನಿಂದ ಸಿಪ್ಪೆ ಬಿಡಿಸಿ. ಒಳಗೆ ಕಂದು ಬಣ್ಣದ, 3 ಮಿಲಿಮೀಟರ್ ಉದ್ದದ ಕೋಶ ಸಿಕ್ಕರೆ ಅದು ಕಾಂಡ ನೊಣ. ಬೀನ್ಸ್ ಸಸಿಯನ್ನು ಇಷ್ಟು ಸದ್ದಿಲ್ಲದೆ ಕೊಲ್ಲುವ ಹುಳ ಇನ್ನೊಂದಿಲ್ಲ. ನೊಣ ಬಂದು ಹೋದ ಗುರುತು ಮೊದಲ ಜೋಡಿ ಎಲೆಯ ಮೇಲೇ ಇರುತ್ತದೆ, ತೊಟ್ಟಿನ ಹತ್ತಿರ ಸೂಜಿ ಚುಚ್ಚಿದ ಹಾಗೆ ಸಣ್ಣ ಹಳದಿ ಚುಕ್ಕೆಗಳು. ಅಲ್ಲಿ ಮೊಟ್ಟೆ ಇಡುತ್ತದೆ, ಮರಿ ಎಲೆ ತೊಟ್ಟಿನ ಒಳಗಿಂದ ಕಾಂಡಕ್ಕೆ ಇಳಿದು ಬುಡದ ತನಕ ತಿನ್ನುತ್ತದೆ. ಬುಡ ಸೀಳಿದ ಮೇಲೆ ಹೊಡೆಯುವ ಎಣ್ಣೆ ವ್ಯರ್ಥ, ಹುಳ ಆಗಲೇ ಒಳಗೆ ಕೋಶ ಕಟ್ಟಿಕೊಂಡಿರುತ್ತದೆ.

ಹಾಗಾದರೆ ಏನು ಮಾಡುವುದು? ಪೂರ್ತಿ ಸಾಯದ ಗಿಡಗಳಿಗೆ ಬುಡದಿಂದ ನಾಲ್ಕು ಬೆರಳು ಎತ್ತರಕ್ಕೆ ಮಣ್ಣು ಏರಿಸಿ. ಗಾಯದ ಮೇಲ್ಭಾಗದಿಂದ ಹೊಸ ಬೇರು ಬರುತ್ತದೆ, ಆ ಬೇರಿನ ಮೇಲೆ ಗಿಡ ಬದುಕಿಕೊಳ್ಳುತ್ತದೆ. ಸ್ವಲ್ಪ ನೀರು, ಸ್ವಲ್ಪ ಸಾರಜನಕ ಕೊಡಿ, ಅರ್ಧಕ್ಕರ್ಧ ಗಿಡ ಉಳಿಯುವುದೂ ಉಂಟು. ಮುಂದಿನ ಸಲಕ್ಕೆ ಬೀಜೋಪಚಾರ ಮಾಡಿಯೇ ಬಿತ್ತಿ, ಇಮಿಡಾಕ್ಲೋಪ್ರಿಡ್‌ನಂಥ ಬೀಜೋಪಚಾರದ ಔಷಧಿಯೇ ಈ ನೊಣಕ್ಕೆ ಸರಿಯಾದ ದಾರಿ. ಉಪಚಾರ ಮಾಡಿದ ಬೀಜ ಉಳಿದರೆ ಅಡುಗೆಮನೆ ಕಡೆ ತರಬೇಡಿ, ದನಕ್ಕೂ ಹಾಕಬೇಡಿ.

ಬುಡದಲ್ಲಿ ಕೋಶ ಇಲ್ಲ, ಬದಲಿಗೆ ಬಿಳಿ ಹತ್ತಿಯಂಥ ಎಳೆ, ನಡುವೆ ಸಾಸಿವೆ ಗಾತ್ರದ ಕಂದು ಗುಂಡುಗಳು ಇದ್ದರೆ ಅದು ಬುಡಕೊಳೆ. ಚಳ್ಳಕೆರೆ, ಹಿರಿಯೂರು ಕಡೆ ಶೇಂಗಾ ಬೆಳೆಯುವವರಿಗೆ ಇದರ ಪರಿಚಯ ಇದ್ದೇ ಇರುತ್ತದೆ, ಶೇಂಗಾದ ಬುಡ ಕೊಳೆಸುವ ಶಿಲೀಂಧ್ರವೇ ಇದು. ಆ ಗುಂಡುಗಳು ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಶೇಂಗಾ ಕಿತ್ತ ಹೊಲಕ್ಕೆ ನೇರ ಬೀನ್ಸ್ ಹಾಕಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ. ನಡುವೆ ರಾಗಿ, ಜೋಳ, ಸಜ್ಜೆ ಏನಾದರೂ ಒಂದು ಬರಲಿ. ಟ್ರೈಕೋಡರ್ಮಾವನ್ನು (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಒದ್ದೆ ಚೀಲ ಮುಚ್ಚಿ ನೆರಳಲ್ಲಿ ಒಂದೆರಡು ವಾರ ಇಟ್ಟು, ಬಿತ್ತುವ ಮೊದಲು ಸಾಲಿಗೆ ಹಾಕಿದರೆ ಒಳ್ಳೆಯದು.

ಎಲೆ ಹಳದಿ

ಇದೇ ದೊಡ್ಡ ಅಧ್ಯಾಯ. ಹಳದಿಯಲ್ಲಿ ಹತ್ತು ತರಹ ಇದೆ, ಒಂದೊಂದರ ಕಾರಣವೂ ಬೇರೆ.

ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಗೆರೆಯ ಹಾಗೆ ಕಾಣುತ್ತಿದ್ದರೆ ಕಬ್ಬಿಣದ ಕೊರತೆ. ಜಗಳೂರು, ಹರಿಹರ ಕಡೆಯ ಎರೆ ಹೊಲದಲ್ಲಿ ಸುಣ್ಣದ ಅಂಶ ಇರುತ್ತದೆ, ಪಿಎಚ್ 8 ಹತ್ತಿರ. ಕಬ್ಬಿಣ ಮಣ್ಣಲ್ಲಿ ಬೇಕಾದಷ್ಟಿದೆ, ಗಿಡಕ್ಕೆ ಸಿಗುವುದಿಲ್ಲ ಅಷ್ಟೇ. ಮಳೆ ಹಿಡಿದು ನೆಲ ಜೌಗಾದಾಗ ಇದು ಎದ್ದು ಕಾಣುತ್ತದೆ, ನೆಲ ಆರಿದ ಮೇಲೆ ಹೊಸ ಎಲೆ ತಾನಾಗಿ ಹಸಿರಾಗಿ ಬರುವುದೂ ಇದೆ. ಹಾಗಾಗಿ ಮೊದಲು ನೀರು ನಿಲ್ಲಿಸಿ, ಬಸಿಯಲು ದಾರಿ ಮಾಡಿ, ಒಂದು ವಾರ ನೋಡಿ. ಆಗಲೂ ಸರಿಹೋಗದಿದ್ದರೆ ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ (ನಿಂಬೆ ಉಪ್ಪು) ಹಾಕಿ ಸಂಜೆ ಎಲೆಗೆ ಸಿಂಪಡಿಸಿ. ಮಣ್ಣಿಗೆ ಸುರಿದರೆ ಪ್ರಯೋಜನ ಇಲ್ಲ, ಅದೇ ಸುಣ್ಣದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಹೊಸ ಎಲೆ ಸಣ್ಣದಾಗಿ, ನರದ ನಡುವೆ ಮಾಸಲು ಹಳದಿ, ಗಿಡ ಕುಳ್ಳಾಗಿ ಗಂಟು ಗಂಟಾಗಿ ನಿಂತರೆ ಸತು, ಅಂದರೆ ಜಿಂಕ್ ಕೊರತೆ. ಕಾಳಿನ ಬೆಳೆಗಳಲ್ಲಿ ಬೀನ್ಸ್‌ಗೆ ಜಿಂಕ್ ಕೊರತೆ ಬೇಗ ತಟ್ಟುತ್ತದೆ. ಡಿಎಪಿ ಎಷ್ಟು ಹಾಕಿದರೆ ಅಷ್ಟು ಒಳ್ಳೆಯದು ಅನ್ನುವ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಡಿಎಪಿಯಲ್ಲಿರುವ ರಂಜಕ ಜಾಸ್ತಿ ಆದಷ್ಟೂ ಜಿಂಕ್ ಕೊರತೆ ಜಾಸ್ತಿ ಆಗುತ್ತದೆ. ಲೀಟರ್‌ಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಸುಣ್ಣದ ತಿಳಿಯೊಂದಿಗೆ ಸಿಂಪಡಿಸಬಹುದು. ಸುಣ್ಣ ಇಲ್ಲದೆ ಬರೀ ಜಿಂಕ್ ಸಲ್ಫೇಟ್ ಹೊಡೆದರೆ ಎಲೆ ಸುಡುತ್ತದೆ.

ಕೆಳಗಿನ ಹಳೆ ಎಲೆಯಿಂದ ಶುರುವಾಗಿ ಇಡೀ ಗಿಡ ತಿಳಿ ಹಳದಿ ಆದರೆ ಸಾರಜನಕ ಸಾಲದು. "ಬೀನ್ಸ್ ಕಾಳಿನ ಜಾತಿ, ಗಾಳಿಯಿಂದಲೇ ಸಾರಜನಕ ತಗೊಳ್ಳುತ್ತೆ" ಅಂತ ಓದಿದವರು ಗೊಬ್ಬರವೇ ಹಾಕುವುದಿಲ್ಲ. ಅಲಸಂದೆ, ಹುರುಳಿ, ಶೇಂಗಾಕ್ಕೆ ಆ ಮಾತು ಸರಿ. ಬೀನ್ಸ್ ಆ ಕೆಲಸದಲ್ಲಿ ದುರ್ಬಲ, ಹೂ ಬಿಡುವ ತನಕ ಬೇಕಾಗುವಷ್ಟನ್ನು ತಾನೇ ಹೊಂದಿಸಿಕೊಳ್ಳಲು ಆಗುವುದಿಲ್ಲ. ಬೇರು ತೊಳೆದು ಗಂಟು ನೋಡಿ, ಒಂದನ್ನು ಉಗುರಲ್ಲಿ ಸೀಳಿ. ಒಳಗೆ ಗುಲಾಬಿ-ಕೆಂಪು ಇದ್ದರೆ ಕೆಲಸ ಮಾಡುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇದ್ದೂ ಇಲ್ಲದ ಹಾಗೆ. ರೈಜೋಬಿಯಂ (ಬೇರಿನಲ್ಲಿ ಈ ಗಂಟು ಕಟ್ಟಿಸುವ ಸೂಕ್ಷ್ಮಜೀವಿ) ಪಾಕೆಟ್ ತರುವಾಗ ಬೀನ್ಸ್‌ನದ್ದೇ ಕೇಳಿ ತನ್ನಿ, ಶೇಂಗಾಕ್ಕೋ ಸೋಯಾಕ್ಕೋ ಇರುವ ಪಾಕೆಟ್ ಬೀನ್ಸ್ ಬೇರಿಗೆ ಒಗ್ಗುವುದಿಲ್ಲ. ಹಾಗಂತ ಯೂರಿಯಾ ಚೀಲ ಬಿಚ್ಚಿ ಸುರಿಯಬೇಡಿ. ಗಿಡ ಕಡುಹಸಿರಾಗಿ ಸೊಂಪಾಗಿ ಬೆಳೆದು ಹೂವೇ ಬಿಡದಿದ್ದರೆ ಅದು ಯೂರಿಯಾ ಜಾಸ್ತಿಯ ಲಕ್ಷಣ.

ಹಳೆ ಎಲೆಯ ಅಂಚು ಸುಟ್ಟು ಕಂದಾಗಿ ಒಳಗೆ ಸರಿಯುತ್ತಿದೆ, ಬೋದಿನ ನೆತ್ತಿಯಲ್ಲಿ ಬಿಳಿ ಪುಡಿ ಕಾಣುತ್ತಿದೆ ಅಂದರೆ ಅದು ಉಪ್ಪು. ತರಕಾರಿಗಳಲ್ಲಿ ಬೀನ್ಸ್‌ನಷ್ಟು ಉಪ್ಪಿಗೆ ಹೆದರುವ ಬೆಳೆ ಕಡಿಮೆ. ಮಣ್ಣಿನ ಇಸಿ (ಪರೀಕ್ಷೆಯಲ್ಲಿ ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ, ಡೆಸಿಸೀಮನ್ಸ್/ಮೀಟರ್ ಲೆಕ್ಕದಲ್ಲಿ) 1 ದಾಟಿದರೆ ಇಳುವರಿ ಇಳಿಯಲು ಶುರು, ನೀರಿನ ಇಸಿ ಸುಮಾರು 0.7 ದಾಟಿದರೂ ಎಚ್ಚರ ಬೇಕು. ಅದೇ ಬೋರ್ ನೀರಲ್ಲಿ ಪಕ್ಕದ ಹತ್ತಿಯೋ ತೆಂಗೋ ಚೆನ್ನಾಗಿ ಇರುತ್ತದೆ, ಅದನ್ನು ನೋಡಿ ನೀರು ಸರಿ ಇದೆ ಅಂದುಕೊಳ್ಳಬೇಡಿ. ಆಳದ ಬೋರ್ ಇರುವವರು ಬೀನ್ಸ್ ಹಾಕುವ ಮೊದಲು ನೀರಿನ ಪರೀಕ್ಷೆ ಮಾಡಿಸಲೇಬೇಕು. ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂ ಇದೆ, ಎಲ್ಲಿ ಹೇಗೆ ಮಾಡಿಸಬೇಕು ಅಂತ ಕೇಳಿಕೊಳ್ಳಬಹುದು. ಉಪ್ಪಿನ ನೀರೇ ಗತಿ ಆದರೆ ಡ್ರಿಪ್ ಹಾಕಿ, ಕೃಷಿ ಹೊಂಡದ ಮಳೆನೀರು ಇದ್ದರೆ ಬೆರೆಸಿ ಬಿಡಿ, ಬೀಜವನ್ನು ಬೋದಿನ ನೆತ್ತಿಗೆ ಹಾಕದೆ ಪಕ್ಕದ ಇಳಿಜಾರಿಗೆ ಹಾಕಿ. ನೀರು ಆವಿಯಾಗುತ್ತಾ ಉಪ್ಪನ್ನೆಲ್ಲ ನೆತ್ತಿಗೆ ಎಳೆದು ಬಿಡುತ್ತದೆ. ಜಿಪ್ಸಂ ಹಾಕಿದರೆ ಎಲ್ಲ ಉಪ್ಪು ಹೋಗುತ್ತದೆ ಅನ್ನುವುದು ತಪ್ಪು, ಸೋಡಿಯಂ ಜಾಸ್ತಿ ಇರುವ ಚೌಳು ಮಣ್ಣಿಗೆ ಮಾತ್ರ ಅದರ ಉಪಯೋಗ.

ಈಗ ಮೆಕ್ಕೆಜೋಳದ ವಿಷಯ. ದಾವಣಗೆರೆ ಅಂದರೆ ಮೆಕ್ಕೆಜೋಳ, ಮೆಕ್ಕೆಜೋಳ ಅಂದರೆ ಅಟ್ರಾಜಿನ್ ಅನ್ನುವ ಕಳೆನಾಶಕ. ಮುಂಗಾರಿಗೆ ಮೆಕ್ಕೆಜೋಳ ತೆಗೆದು ಹಿಂಗಾರಿಗೆ ಬೀನ್ಸ್ ಹಾಕಿದವರ ಹೊಲದಲ್ಲಿ ಸಸಿ ಚೆನ್ನಾಗಿಯೇ ಏಳುತ್ತದೆ. ಮೂರೆಲೆಯ ಗೊಂಚಲು ಒಂದೆರಡು ಬಂದ ಮೇಲೆ ಕೆಳಗಿನ ಎಲೆಯ ಅಂಚು ಹಳದಿಯಾಗಿ, ನರದ ನಡುವೆ ಹಳದಿಯಾಗಿ, ಅಂಚಿನಿಂದಲೇ ಒಣಗುತ್ತಾ ಬರುತ್ತದೆ. ಬೀಜದ ಹೋಳಿನಲ್ಲಿದ್ದ ಆಹಾರ ಮುಗಿಯುವ ತನಕ ಏನೂ ಕಾಣುವುದಿಲ್ಲ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಮಳೆ ಕಡಿಮೆ ಆದ ವರ್ಷ, ಪಿಎಚ್ 7 ಮೀರಿದ ಮಣ್ಣು ಇದ್ದರೆ ಅಟ್ರಾಜಿನ್ ಜಾಸ್ತಿ ಕಾಲ ಉಳಿಯುತ್ತದೆ, ನಮ್ಮ ಎರೆ ಹೊಲಗಳಿಗೆ ಎರಡೂ ಅನ್ವಯ. ಸಿಂಪರಣೆ ಮಾಡುವಾಗ ತಿರುಗುವ ಜಾಗದಲ್ಲಿ, ಎರಡು ಸಲ ಬಿದ್ದ ಪಟ್ಟೆಯಲ್ಲಿ ಬೀನ್ಸ್ ಹೆಚ್ಚು ಕೆಟ್ಟಿದ್ದರೆ ಬೇರೆ ಸಾಕ್ಷಿ ಬೇಡ. ಬಿತ್ತುವ ಮೊದಲೇ ತಿಳಿಯಬೇಕಾದರೆ ಎರಡು ಕುಂಡ ತಗೊಳ್ಳಿ. ಒಂದಕ್ಕೆ ಆ ಹೊಲದ ಮಣ್ಣು, ಇನ್ನೊಂದಕ್ಕೆ ಎಣ್ಣೆ ಬೀಳದ ಬದುವಿನ ಮಣ್ಣು. ಎರಡರಲ್ಲೂ ಬೀನ್ಸ್ ಹಾಕಿ 3 ವಾರ ಬಿಸಿಲಲ್ಲಿ ಬೆಳೆಸಿ ಹೋಲಿಸಿ. ಖರ್ಚಿಲ್ಲದ ಪರೀಕ್ಷೆ ಇದು, ಮತ್ತು ನನಗೆ ಗೊತ್ತಿರುವ ಎಲ್ಲಾ ಪರೀಕ್ಷೆಗಳಲ್ಲಿ ಇದರ ಮೇಲೆ ನನಗೆ ನಂಬಿಕೆ ಜಾಸ್ತಿ.

ಎಲೆ ತಿರುಚಿದೆ, ಮಚ್ಚೆ ಇದೆ

ಎಲೆ ಸಪೂರವಾಗಿ, ಪಟ್ಟಿಯ ಹಾಗೆ, ನರಗಳು ಒತ್ತೊತ್ತಾಗಿ, ಕಾಂಡ ತಿರುಚಿಕೊಂಡು ಇದ್ದರೆ ಬಹಳ ಜನ ವೈರಸ್ ಅನ್ನುತ್ತಾರೆ. ಬದುವಿನ ಅಗಲ ಎಲೆಯ ಕಳೆಗಳನ್ನೂ ನೋಡಿ. ಅವೂ ತಿರುಚಿದ್ದರೆ 2,4-ಡಿ ಕಳೆನಾಶಕ. ಒಂದೋ ಪಕ್ಕದ ಹೊಲದಿಂದ ಬಂದಿದೆ, ಇಲ್ಲ ನಿಮ್ಮದೇ ಸ್ಪ್ರೇಯರ್ ಕ್ಯಾನ್ ಸರಿಯಾಗಿ ತೊಳೆದಿಲ್ಲ. ಕಳೆನಾಶಕಕ್ಕೆ ಬೇರೆ ಕ್ಯಾನ್ ಇಡಿ, ಬಾಡಿಗೆಗೆ ತಂದ ಕ್ಯಾನ್ ಆದರೆ ಅದರಲ್ಲಿ ಮೊದಲು ಏನು ಹೊಡೆದಿದ್ದರು ಅಂತ ಕೇಳಿ.

ವೈರಸ್ ಎರಡು ಬಗೆಯದು ಕಾಣುತ್ತದೆ. ತಿಳಿ ಹಸಿರು, ಕಡು ಹಸಿರು ಕಲೆಸಿದ ಹಾಗಿದ್ದು ಎಲೆ ಕೆಳಕ್ಕೆ ಮುದುಡಿದ್ದರೆ ಅದು ಬೀಜದಲ್ಲೇ ಬರುವ ಮೊಸಾಯಿಕ್, ಸಸ್ಯಹೇನು ಅದನ್ನು ಹರಡುತ್ತದೆ. ಕಡು ಹಳದಿ ಮಚ್ಚೆ ಇದ್ದರೆ ಬಿಳಿ ನೊಣ ತರುವ ಹಳದಿ ಮೊಸಾಯಿಕ್, ಬೇಸಿಗೆಯಲ್ಲಿ ಜಾಸ್ತಿ, ಹತ್ತಿರದಲ್ಲಿ ಹೆಸರು, ಉದ್ದು, ಅಲಸಂದೆ ಇದ್ದರೆ ಇನ್ನೂ ಜಾಸ್ತಿ. ಎರಡಕ್ಕೂ ಮದ್ದಿಲ್ಲ. ಮೊದಲ ಗಿಡ ಕಂಡ ದಿನವೇ ಕಿತ್ತು ಹೊಲದ ಹೊರಗೆ ಹೂಳಿ. ಕಣ್ಣಿಗೆ ಬಿದ್ದ ಗಿಡ ಕೀಳಲು ಕೈ ಬರುವುದಿಲ್ಲ ನಿಜ, ಆದರೆ ಅದೊಂದರಿಂದಲೇ ಉಳಿದದ್ದಕ್ಕೆ ಹೋಗುತ್ತದೆ. ಮೊಸಾಯಿಕ್ ಬಂದ ಹೊಲದ ಕಾಳನ್ನು ಬೀಜಕ್ಕೆ ಇಡಬೇಡಿ. ಹಳದಿ ಮೊಸಾಯಿಕ್ ಪದೇ ಪದೇ ಕಾಡುವ ಊರಾದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅರ್ಜುನ್ ತಳಿ ಅದನ್ನು ತಡೆಯುತ್ತದೆ.

ತುಕ್ಕು ರೋಗ ಗುರುತಿಸುವುದು ಸುಲಭ. ಎಲೆಯ ಕೆಳಗೆ ಬೆರಳಾಡಿಸಿದರೆ ಇಟ್ಟಿಗೆ ಬಣ್ಣದ ಪುಡಿ ಅಂಟುತ್ತದೆ. ಎಲೆ ರಾತ್ರಿಯೆಲ್ಲ ಒದ್ದೆ ಇದ್ದರೆ ಬರುತ್ತದೆ, ಹಾಗಾಗಿ ಸಂಜೆ ಸ್ಪ್ರಿಂಕ್ಲರ್ ಬೇಡ. ಅರ್ಕಾ ಅನೂಪ್ ತಳಿ ತುಕ್ಕು ಮತ್ತು ದುಂಡಾಣು ಅಂಗಮಾರಿ ಎರಡನ್ನೂ ತಡೆಯುತ್ತದೆ. ನೀರು ತುಂಬಿದಂಥ ಮಚ್ಚೆ ಕಂದಾಗಿ ಸುತ್ತ ಹಳದಿ ಅಂಚು ಬಂದರೆ ಅದೇ ಅಂಗಮಾರಿ. ಕಾಯಿಯ ಮೇಲೆ ಕುಳಿ ಬಿದ್ದ ಕಪ್ಪು ಮಚ್ಚೆ ಇದ್ದರೆ ಚಿಬ್ಬು ರೋಗ, ಚನ್ನಗಿರಿ ಕಡೆ ತಂಪು ಮಳೆ ಹಿಡಿದಾಗ ನೋಡಿಕೊಳ್ಳಿ. ಎಲ್ಲಕ್ಕೂ ಒಂದೇ ನಿಯಮ, ಎಲೆ ಒದ್ದೆ ಇರುವಾಗ ಹೊಲಕ್ಕೆ ಇಳಿಯಬೇಡಿ, ಕೊಯ್ಲನ್ನೂ ಮಾಡಬೇಡಿ, ನಿಮ್ಮ ಕೈ ಮತ್ತು ಬಟ್ಟೆಯಿಂದಲೇ ರೋಗ ಹರಡುತ್ತದೆ.

ಎಲೆಯ ಮೇಲೆ ಬಿಳಿ ಸಣ್ಣ ಚುಕ್ಕೆ, ಧೂಳು ಹಿಡಿದ ಹಾಗೆ ಬಣ್ಣ ಇದ್ದರೆ ಬಿಳಿ ಕಾಗದದ ಮೇಲೆ ಎಲೆ ತಟ್ಟಿ. ಬಿದ್ದ ಚುಕ್ಕೆ ಓಡಾಡಿದರೆ ನುಸಿ. ಫೆಬ್ರವರಿ ಆದ ಮೇಲೆ ಬರುತ್ತದೆ. ಹುಳದ ಎಣ್ಣೆ ಜಾಸ್ತಿ ಹೊಡೆದ ಹೊಲದಲ್ಲಿ ಮೊದಲು ಬರುತ್ತದೆ, ಯಾಕೆಂದರೆ ಅದನ್ನು ತಿನ್ನುವ ಜೀವಿಗಳು ಸತ್ತಿರುತ್ತವೆ.

ಹೂ ಉದುರುತ್ತಿದೆ, ಕಾಯಿ ಕಟ್ಟುತ್ತಿಲ್ಲ

"ಜೇನು ಬರ್ತಿಲ್ಲ, ಅದಕ್ಕೇ ಕಾಯಿ ಕಟ್ಟಿಲ್ಲ" ಅಂತ ಹೇಳುವವರಿದ್ದಾರೆ. ಬೀನ್ಸ್ ಹೂವು ಅರಳುವ ಹೊತ್ತಿಗೇ ತನ್ನ ಪರಾಗ ತಾನೇ ಮುಟ್ಟಿಸಿಕೊಂಡಿರುತ್ತದೆ, ಅದಕ್ಕೆ ಜೇನಿನ ಹಂಗಿಲ್ಲ. ನಮ್ಮ ಕಡೆ ಹೂ ಉದುರಲು ಮುಖ್ಯ ಕಾರಣ ಬಿಸಿ. ಹಗಲು 32 ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ. ರಾತ್ರಿಯೂ ಬೆಚ್ಚಗೇ ಇದ್ದರೆ ಇನ್ನೂ ಕಷ್ಟ. ಹೂ ಚೆನ್ನಾಗಿ ಬಿಡುತ್ತದೆ, ಸಂಜೆಗೆ ನೆಲದ ಮೇಲೆ ಬಿದ್ದಿರುತ್ತದೆ.

ಲೆಕ್ಕ ಹಾಕಿ. ಗಿಡ್ಡ ಬೀನ್ಸ್ ಬಿತ್ತಿದ 35ರಿಂದ 40 ದಿನಕ್ಕೆ ಹೂ ಬಿಡುತ್ತದೆ. ಸಂಕ್ರಾಂತಿ ಮುಗಿಸಿಕೊಂಡು ಜನವರಿ ಕೊನೆಗೆ ಬಿತ್ತಿದರೆ ಹೂ ಬರುವುದು ಮಾರ್ಚ್ ಮೊದಲ ವಾರ, ಶಿವರಾತ್ರಿ ಬಿಸಿಲು ಏರುವ ಹೊತ್ತಿಗೆ. ಮದುವೆ ಸೀಸನ್ ರೇಟು ಸಿಗುತ್ತದೆ ಅನ್ನುವ ಆಸೆಗೆ ಹೀಗೆ ಬಿತ್ತುತ್ತಾರೆ, ರೇಟು ಇರುತ್ತದೆ, ಕಾಯಿ ಇರುವುದಿಲ್ಲ. ಬೇಸಿಗೆಯಲ್ಲಿ ಬೀನ್ಸ್ ದುಬಾರಿ ಆಗುವುದೇ ಯಾರ ಹೊಲದಲ್ಲೂ ಅದು ಸರಿಯಾಗಿ ಕಟ್ಟದ ಕಾರಣಕ್ಕೆ. ಮುಂಗಾರಿಗೆ ಜೂನ್ ಕೊನೆಯಿಂದ ಜುಲೈ, ಹಿಂಗಾರಿಗೆ ಸೆಪ್ಟೆಂಬರ್‌ನಿಂದ ನವೆಂಬರ್ ಮಧ್ಯದೊಳಗೆ ಬಿತ್ತಿದರೆ ಹೂವಿನ ಕಾಲ ತಂಪಲ್ಲಿ ಬೀಳುತ್ತದೆ. ಅದರಲ್ಲೂ ಅಕ್ಟೋಬರ್ ನಮ್ಮ ಕಡೆಗೆ ಹೇಳಿ ಮಾಡಿಸಿದ ತಿಂಗಳು ಅನ್ನುವುದು ನನ್ನ ಅಭಿಪ್ರಾಯ. ಆಗಲೇ ಬೇಸಿಗೆಯಲ್ಲಿ ಸಿಕ್ಕಿಬಿದ್ದಿದ್ದರೆ ಸಾಲಿಗೆ ಹುಲ್ಲೋ ರವದಿಯೋ ಹೊದಿಸಿ, ನೀರನ್ನು ಒಮ್ಮೆಗೇ ಬಿಡದೆ ಸ್ವಲ್ಪ ಸ್ವಲ್ಪ ಆಗಾಗ ಕೊಡಿ. ಪೂರ್ತಿ ಉಳಿಯದು, ಒಂದಷ್ಟು ಕಟ್ಟುತ್ತದೆ.

ಬಿಸಿ ಇಲ್ಲದಿದ್ದರೂ ಹೂ ಉದುರುತ್ತಿದ್ದರೆ ಹೂವನ್ನು ಬಿಡಿಸಿ ನೋಡಿ. ಒಳಗೆ ಥ್ರಿಪ್ಸ್ ಅನ್ನುವ ಸಣ್ಣ ಹುಳ ಓಡಾಡುತ್ತಿದ್ದರೆ ಅದೇ ಕಾರಣ. ಹೂಗಳು ಒಂದಕ್ಕೊಂದು ಬಲೆಯಿಂದ ಅಂಟಿಕೊಂಡು ಹಿಕ್ಕೆ ಕಂಡರೆ ಕಾಯಿಕೊರಕ. ನೆಲ ಒಮ್ಮೆ ಒಣಗಿ ಒಮ್ಮೆ ತುಂಬಿದರೂ ಹೂ, ಎಳೆಗಾಯಿ ಉದುರುತ್ತವೆ, ಕಾಯಿ ಕೊಕ್ಕೆಯಂತೆ ಬಾಗುತ್ತದೆ.

ಕಾಯಿ ಬಂದಿದೆ, ಆದರೆ ನಾರು ಜಾಸ್ತಿ ಅನ್ನುವವರು ಕೊಯ್ಲಿನ ಅಂತರ ಕಡಿಮೆ ಮಾಡಿ. ಎರಡು ಮೂರು ದಿನಕ್ಕೊಮ್ಮೆ ಕೀಳಲೇಬೇಕು. ಕಾಳು ಉಬ್ಬಿದ ಕಾಯಿ ಗಿಡದಲ್ಲೇ ಉಳಿದರೆ ಗಿಡ ಇನ್ನು ಸಾಕು ಅಂತ ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಇಷ್ಟು ಬೇಗ ಬೇಗ ಕೀಳುವ ಬೆಳೆಗೆ ಎಣ್ಣೆ ಹೊಡೆದ ಮಾರನೇ ದಿನ ಮಂಡಿಗೆ ಕಳಿಸುವುದು ತುಂಬ ತಪ್ಪು. ಡಬ್ಬಿಯ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ. ಅಷ್ಟು ದಿನ ಕಾಯಲು ಆಗದ ಔಷಧಿ ಈ ಬೆಳೆಗೆ ಬೇಡವೇ ಬೇಡ. ತಿನ್ನುವವರು ನಮ್ಮದೇ ಮನೆಯ ಮಕ್ಕಳು.

ಅಡುಗೆಮನೆಯ ತೊಂದರೆ

ಪಲ್ಯದ ಬಣ್ಣ ಮಂಕಾಗುತ್ತದೆ ಅಂದರೆ ಹುಣಸೆಹುಳಿ, ಟೊಮ್ಯಾಟೊ ಮೊದಲೇ ಹಾಕಿದ್ದೀರಿ, ಇಲ್ಲ ಮುಚ್ಚಿ ಬಹಳ ಹೊತ್ತು ಬೇಯಿಸಿದ್ದೀರಿ. ಬೆಂದ ಮೇಲೆ ಹುಳಿ ಹಾಕಿ, ಗುರೆಳ್ಳು ಪುಡಿ ಕೊನೆಗೆ ಉದುರಿಸಿ.

ಬೀನ್ಸ್‌ನ ಒಣ ಕಾಳು, ಅಂದರೆ ರಾಜ್ಮಾ, ಬೇಯುವುದೇ ಇಲ್ಲ ಅನ್ನುವ ದೂರು ಚಿತ್ರದುರ್ಗದ ಕಡೆ ತುಂಬ. ಇಲ್ಲೂ ಮೊದಲು ಗುರುತಿಸಿ. ರಾತ್ರಿ ನೆನೆಸಿದ ಕಾಳು ಬೆಳಗ್ಗೆ ಉಬ್ಬದೆ ಹಾಗೇ ಇದ್ದರೆ ಅದರ ಸಿಪ್ಪೆಯೇ ನೀರನ್ನು ಒಳಗೆ ಬಿಡುತ್ತಿಲ್ಲ, ಅಂಥವನ್ನು ಆರಿಸಿ ತೆಗೆಯಿರಿ. ಉಬ್ಬಿದೆ, ಆದರೆ ಎಷ್ಟು ವಿಸಲ್ ಕೂಗಿಸಿದರೂ ಒಳಗೆ ಗಟ್ಟಿ ಅಂದರೆ ಎರಡು ಕಾರಣ. ಒಂದು, ಕಾಳು ಹಳೆಯದು, ಬಿಸಿಲು ಮತ್ತು ತೇವ ಎರಡೂ ಇರುವ ಕಡೆ ಇಟ್ಟದ್ದು. ಇನ್ನೊಂದು, ಬೋರ್ ನೀರು. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಒಳಗೆ ಹೋಗಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಯಾವುದು ಅಂತ ತಿಳಿಯಲು ಒಂದೇ ಡಬ್ಬಿಯ ಕಾಳನ್ನು ಎರಡು ಪಾಲು ಮಾಡಿ. ಒಂದನ್ನು ನಲ್ಲಿಯ ಬೋರ್ ನೀರಲ್ಲಿ, ಇನ್ನೊಂದನ್ನು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರಲ್ಲಿ ನೆನೆಸಿ, ಬೇಯಿಸುವುದಕ್ಕೂ ಅದೇ ಬಗೆಯ ಹೊಸ ನೀರು ಹಾಕಿ. ಎರಡನೆಯದು ಬೆಂದರೆ ತಪ್ಪು ನೀರಿನದು, ಎರಡೂ ಬೇಯದಿದ್ದರೆ ಕಾಳಿನದು. ಬೇರೆ ನೀರು ಸಿಗದಿದ್ದರೆ ನೆನೆಸುವಾಗ ಚಿಟಿಕೆ ಅಡುಗೆ ಸೋಡಾ ಹಾಕಿ. ಹುಳಿ ಮಾತ್ರ ಕಾಳು ಪೂರ್ತಿ ಮೆತ್ತಗಾದ ಮೇಲೆ.

ಅರ್ಧ ಬೆಂದ ರಾಜ್ಮಾವನ್ನು ಗಟ್ಟಿ ಇದ್ದರೂ ಪರವಾಗಿಲ್ಲ ಅಂತ ಬಡಿಸಬೇಡಿ, ಇದನ್ನು ನಾನು ತುಂಬ ಕಾಳಜಿಯಿಂದ ಹೇಳುತ್ತಿದ್ದೇನೆ. ಹಸಿ ಕಾಳಿನಲ್ಲಿ ಲೆಕ್ಟಿನ್ ಅನ್ನುವ ವಿಷದ ಅಂಶ ಇದೆ, ಕೆಂಪು ರಾಜ್ಮಾದಲ್ಲಿ ತುಂಬ ಜಾಸ್ತಿ. 4–5 ಹಸಿ ಕಾಳು ಸಾಕು ಹೊಟ್ಟೆ ಕೆಡಿಸಲು. ಕುದಿಯದೆ ಬರೀ ಬಿಸಿಯಾದರೆ, ಅಂದರೆ 80 ಡಿಗ್ರಿಯಲ್ಲಿ ನಿಂತರೆ, ವಿಷ ಹಸಿ ಕಾಳಿಗಿಂತ ಜಾಸ್ತಿ ಆಗಬಹುದು. ಅದಕ್ಕೇ ಕೆಂಡದ ಮೇಲೆ ನಿಧಾನಕ್ಕೆ ಬೇಯಿಸುವುದು, ಹಸಿ ಮೊಳಕೆ ಕಾಳನ್ನು ಕೋಸಂಬರಿಗೆ ಹಾಕುವುದು ಹೆಸರುಕಾಳಿಗೆ ಸರಿ, ರಾಜ್ಮಾಕ್ಕೆ ಅಲ್ಲ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕೊತಕೊತ ಅರ್ಧ ಗಂಟೆ ಕುದಿಸಿ, ಆಮೇಲೆ ಮೆತ್ತಗಾಗುವ ತನಕ ಬೇಯಿಸಿ. ನೆನೆಸಿದ ಕಾಳನ್ನು ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿದರೂ ಸರಿ. ಊಟವಾಗಿ 1ರಿಂದ 3 ಗಂಟೆಯೊಳಗೆ ಉಂಡವರೆಲ್ಲರಿಗೂ ವಾಂತಿ, ಭೇದಿ ಶುರುವಾದರೆ ಕಾಳು ಬೆಂದಿರಲಿಲ್ಲ ಅಂತ ಅನುಮಾನಿಸಿ. ಹೆಚ್ಚಿನವರು ಕೆಲವು ಗಂಟೆಯಲ್ಲಿ ಸುಧಾರಿಸಿಕೊಳ್ಳುತ್ತಾರೆ, ಆದರೆ ಮಕ್ಕಳಿಗೆ, ವಯಸ್ಸಾದವರಿಗೆ ಕುಡಿದ ನೀರೂ ನಿಲ್ಲುತ್ತಿಲ್ಲ ಅಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ತಿಂದಿದ್ದರು ಅಂತ ಡಾಕ್ಟರಿಗೆ ಹೇಳಿ.